ಎರಡು ಬುಟ್ಟಿ

ಬಿಸಿನೀರಲ್ಲಿ ನೂಲು ತೆಗೆದೂ ತೆಗೆದೂ
ಬೆರಳಚ್ಚು ಸವೆದಿದೆ, ಫೋನಿಗೂ ಗುರುತಿಲ್ಲ.
ಬಾಯಲ್ಲೇ ಕೇಳಿದೆ: ಇಮ್ದಾದನಿಗೆ ಒಂಬತ್ತು, ಮಾತು ಬಂದಿಲ್ಲ,
ಶಾಲೆಯವರು ನಾಳೆ ಬಾ ಅಂತಾರೆ.
ಯಾವ ನಾಳೆ?

ಬಿಡಿಸಿ ಹೇಳಿತು: ಮೊದಲು ಚಿಕ್ಕಬಳ್ಳಾಪುರದ ಆಸ್ಪತ್ರೆ,
ಕಾರ್ಡು, ಆಮೇಲೆ ಬಿಇಓ ಆಫೀಸಿಗೆ ಅರ್ಜಿ.
ಡಾಕ್ಟರು ಕೂರುವ ವಾರ ನನಗೆ ಗೊತ್ತಿಲ್ಲ, ವಿಚಾರಿಸಿ, ಎಂದಿತು.
ಗೊತ್ತಿಲ್ಲ ಅನ್ನೋದನ್ನ
ಇಷ್ಟು ಮೆತ್ತಗೆ ಆ ಕಿಟಕಿಯಲ್ಲಿ ಯಾರೂ ಹೇಳಿರಲಿಲ್ಲ.

ಅರ್ಜಿ ತುಂಬ ಅವನಿಗೆ ಬಾರದ್ದೇ.
ಇದನ್ನೂ ಬರಕೊಳ್ಳಪ್ಪ ಅಂದೆ:
ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ
ಹುಳ ಬದುಕಿದೆಯೋ ಸತ್ತಿದೆಯೋ ಹೇಳ್ತಾನೆ.
ಹೇಳೋದಲ್ಲ, ಎರಡು ಬುಟ್ಟಿ ಮಾಡ್ತಾನೆ.

ಬರೆಯಿತು. ಎರಡು ಸಲ ಓದಿಸಿದೆ.

ಈಗ ಶಿಡ್ಲಘಟ್ಟಕ್ಕೇ ಕರೆಂಟಿಲ್ಲ.
ಆ ಫೋನು ಅವನ ಕಿವಿಯ ಹತ್ತಿರ,
ಅಲ್ಲಾಡಿಸುತ್ತಿದ್ದಾನೆ,
ಯಾವ ಬುಟ್ಟಿಗೆಂದು ಇನ್ನೂ ತಿಳಿದಿಲ್ಲ.