ಲೆಕ್ಕದ ಕಾಳು

ಕುತಾಯಿಸಿಯ ಸಂತೆಕಟ್ಟೆಯಲ್ಲಿ ನನ್ನದು ಕಾಳಿನಂಗಡಿ.
ಕೆಂಪು, ಕಪ್ಪು, ಚುಕ್ಕಿಯದು, ಹಕ್ಕಿಮೊಟ್ಟೆಯ ಹಾಗೆ ಬೂದಿಬಣ್ಣದ್ದು.
ಏಳು ಚೀಲ, ಬಾಯಿ ಮಡಚಿಕೊಂಡು ಸಾಲಾಗಿ ಕೂತಿವೆ.
ಎಂಟನೆಯದು ನೀನು, ಅಂದಳು ಲಮಾರಾ,
ಎದುರಿನ ಉಪ್ಪಿನಕಾಯಿಯವಳು.
ನಕ್ಕೆ. ಅದು ಮೊದಲ ಸಲ.

ನನಗೆ ನಲವತ್ತಮೂರು. ಆಗ ಐದನೆಯ ತಿಂಗಳು.

"ಅಯ್ಯೋ ತ್ಸಿಯಾಲಾ, ಇದು ಮಗಳ ಬಸಿರೋ ನಿನ್ನ ಬಸಿರೋ?"
"ಅವಳಿಯೇ ಇರಬೇಕು. ಅಲ್ಲವೇ? ಹಾಗಾದರೆ ಬ್ರೆಡ್ಡು ಬಿಡು."
"ಮುಖ ಕಪ್ಪಿಟ್ಟಿದೆ, ಹೆಣ್ಣೇ ಸರಿ.
ತಾಯ ಚೆಲುವು ಕದ್ದೇ ಅಲ್ಲವೇ ಹೆಣ್ಣು ಹುಟ್ಟುವುದು?"
ಅರ್ಧ ಕಿಲೋ ಕಾಳಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು
ಮಾತು ಮಾತ್ರ ಸೇರುಗಟ್ಟಲೆ ಸುರಿಯುತ್ತಾರೆ.
ಕೇಳದೆ ಕೈ ಚಾಚುತ್ತಾರೆ,
ಹಣ್ಣಾಗಿದೆಯೇ ಎಂದು ಕಲ್ಲಂಗಡಿ ತಟ್ಟುವ ಹಾಗೆ.

ಕುದಿವ ಗಡಿಗೆಗೆ ಮುಚ್ಚಳ ಉಂಟು,
ಊರ ಬಾಯಿಗೆಲ್ಲಿ?
ವಾಝಾನಿಗೆ ಹೇಳಿದೆ. "ಬಿಡೇ, ಪ್ರೀತಿಗೆ ಅನ್ನುತ್ತಾರೆ" ಅಂದ.
ಅವನಿಗೆ ಐವತ್ತೊಂದು. ಅವನಿಗೆ ಯಾರೂ ಏನೂ ಅಂದಿಲ್ಲ,
ಬೆನ್ನು ತಟ್ಟಿ ದ್ರಾಕ್ಷಿಸಾರಾಯಿ ಕುಡಿಸಿದ್ದಾರೆ.

ಮರುದಿನ ಖಾಲಿ ಕಾಫಿ ಡಬ್ಬಿಯೊಂದನ್ನು
ತಕ್ಕಡಿಯ ಮಗ್ಗುಲಲ್ಲಿಟ್ಟೆ.
ಮಾತಿಗೊಂದು ಕಾಳು.
ದಡ್ಡತನಕ್ಕೆ ಕೆಂಪು, ಕುಟುಕಿಗೆ ಕಪ್ಪು,
ಮುಟ್ಟಿದರೆ ಎರಡು.
ಟಣ್.
ಆ ಸದ್ದು ನನಗೆ ಹಿಡಿಸಿತು.
ಅವರು ಬಾಯಿ ತೆರೆದರೆ ನನ್ನ ಬೆರಳು ತಾನೇ ಚೀಲಕ್ಕಿಳಿಯುತ್ತಿತ್ತು.
ಔಷಧಿ ಅಂಗಡಿಯ ಹುಡುಗ, ವ್ಯಾನಿನ ಚಾಲಕ,
ಮೇಣದಬತ್ತಿ ಮಾರುವ ಮುದುಕಿ:
"ಎರಡು ಸೀಟಿನ ದುಡ್ಡು ಕೊಡ್ತೀಯೋ ಹೇಗೆ?" ಟಣ್.
"ಹಾಡುವ ವಯಸ್ಸಲ್ಲಿ ಹಡೆಯಬೇಕಿತ್ತು." ಟಣ್.
"ಏನದು ಎಣಿಸುತ್ತೀ?"
ಬರಬೇಕಾದ ಬಾಕಿ, ಅಂದೆ.

ಆರನೆಯ ತಿಂಗಳಲ್ಲಿ ಅಕ್ಕ ಬಂದಳು, ಬತೂಮಿಯಿಂದ,
ಕಿತ್ತಳೆ ತುಂಬಿದ ಚೀಲ ಹೊತ್ತು.
ಕಾಲು ಒತ್ತಿದಳು. ಕೂದಲು ಬಾಚಿದಳು.
ಬಾಚುತ್ತಲೇ, ಮೆಲ್ಲಗೆ,
"ಹೋದ ಸಲದ್ದು ನೆನಪಿದೆಯಲ್ಲ. ಈಗಲೇ ತೊಟ್ಟಿಲು ಗಿಟ್ಟಿಲು ತರಬೇಡ."

ಆ ಮಾತಿಗೆ ಹಾಕಲು
ಏಳು ಚೀಲದಲ್ಲೂ ಕಾಳು ಸಿಗಲಿಲ್ಲ.
ಮರುದಿನ ಅಂಗಡಿಯಲ್ಲಿ ಮೊಣಕೈವರೆಗೆ ಕೈ ಹೂತು
ಸುಮ್ಮನೆ ಕೂತಿದ್ದೆ. ಕಾಳು ತಣ್ಣಗಿತ್ತು,
ಹೊಳೆಯ ತಳದ ಕಲ್ಲಿನ ಹಾಗೆ.
ಗಿರಾಕಿ ಬಂದರು, ಹೋದರು.
ಆಗ ಒಳಗಿನದು ಬಿಕ್ಕಳಿಸಿತು.
ಒಂದು. ತಡೆದು, ಒಂದು. ಇನ್ನೊಂದು,
ಯಾರೋ ಒಳಗೆ ಕೂತು ಡಬ್ಬಿಗೆ ಕಾಳು ಹಾಕುತ್ತಿರುವಂತೆ.
ಯಾರಾದರೂ ನೆನೆದರೆ ಬಿಕ್ಕಳಿಕೆ ಬರುತ್ತದಂತೆ.
ಇನ್ಯಾರು ಮಗೂ, ಊರಿಗೆ ಊರೇ
ನಿನ್ನನ್ನೇ ನೆನೆಯುತ್ತಿದೆ.

ಎಂಟಕ್ಕೆ ಡಬ್ಬಿ ತುಂಬಿತು. ಕಾಳು ಬಿದ್ದರೂ ಸದ್ದಿಲ್ಲ.
ರಾತ್ರಿ ನೆನೆಹಾಕಿದೆ. ಬೆಳಗಾಗುವುದರಲ್ಲಿ
ಕೆಂಪೂ ಕಪ್ಪೂ ಒಂದೇ ಸಮ ಉಬ್ಬಿ
ಪಾತ್ರೆಯಂಚು ಮುಟ್ಟಿದ್ದವು, ಥೇಟ್ ನನ್ನ ಹಾಗೆ.
ಈರುಳ್ಳಿ, ಕೊತ್ತಂಬರಿ, ಜಜ್ಜಿದ ಆಕ್ರೋಡು,
ಮಣ್ಣಿನ ಗಡಿಗೆ, ಸಣ್ಣ ಉರಿ.
ಹೊತ್ತುಕೊಂಡು ಹೋಗಿ ಕಟ್ಟೆಯ ಮೇಲಿಟ್ಟೆ.
ಎಲ್ಲರೂ ತಿಂದರು. ಯಾವುದು ಯಾರ ಕಾಳೆಂದು
ನನಗೂ ಗೊತ್ತಾಗಲಿಲ್ಲ.

ಲಮಾರಾ ಮೂರು ಸಲ ಹಾಕಿಸಿಕೊಂಡಳು,
ಜೋಳದ ರೊಟ್ಟಿಯಿಂದ ಗಡಿಗೆಯ ತಳ ಒರೆಸಿ
"ಉಪ್ಪು ಸಾಲದು" ಅಂದಳು,
ಸೊಂಟಪಟ್ಟಿ ಸಡಿಲಿಸಿ ಹೊಟ್ಟೆ ಸವರಿಕೊಂಡಳು.
ನನ್ನ ಬಾಯಿಂದ ಅದು ಹೇಗೆ ಬಂತೋ:
"ನಿನಗೆಷ್ಟು ತಿಂಗಳು, ಲಮಾರಾ?"

ಅಕ್ಕಪಕ್ಕದವರು ನಕ್ಕರು.
ಅವಳು ನಗಲಿಲ್ಲ.
ಮಕ್ಕಳಿಲ್ಲ ಅವಳಿಗೆ. ಗೊತ್ತಿತ್ತು ನನಗೆ.
ಎದ್ದು ಬಂದಳು,
ಚೀಲದಲ್ಲಿ ಬೆರಳಾಡಿಸಿ, ಆರಿಸಿ,
ಒಂದೇ ಒಂದು ಕಪ್ಪು ಕಾಳು ಎತ್ತಿ
ನನ್ನ ಖಾಲಿ ಡಬ್ಬಿಗೆ ಹಾಕಿದಳು.

ಟಣ್.