ಬಿಡುವ ಗುಂಡಿ

ಮೂರನೆಯ ಹಂತದಲ್ಲಿ ಎಲ್ಲರೂ ಸಾಯುತ್ತಿದ್ದಾರೆ.

ಮೊದಲೆರಡರ ಬಗ್ಗೆ ತಕರಾರಿಲ್ಲ.
ಮೊದಲನೆಯದರಲ್ಲಿ ಪ್ರಾಣಿ ಕಾಣುವುದೇ ಇಲ್ಲ:
ನೀರಿನ ಬಣ್ಣ ಕೆಡುತ್ತದೆ, ಅಷ್ಟೆ;
ಮಾತಿನ ನಡುವೆ ಯಾರೋ ಒಳಬಂದ ಹಾಗೆ
ಕಡಲಹಕ್ಕಿಗಳು ಸುಮ್ಮನಾಗುತ್ತವೆ.
ಎರಡನೆಯದರಲ್ಲಿ, ಇಷ್ಟು ಹೊತ್ತು
ಕೂರ್ಮಗಡ ಎಂದುಕೊಂಡ ಗುಡ್ಡ
ಹೆಸರಿಗೆ ನ್ಯಾಯ ಸಲ್ಲಿಸಿ
ಮೆಲ್ಲಗೆ ತಲೆ ಹೊರಗೆ ಹಾಕುತ್ತದೆ.
ಇಲ್ಲಿ ಕೆಲವರು ಕಿರುಚುತ್ತಾರೆ. ನಮಗೆ ಖುಷಿ.

ಮೂರನೆಯದು ರಂಪಣಿ.
ದಡದಲ್ಲಿ ಎರಡು ಸಾಲು, ನಲವತ್ತು ಆಟಗಾರರು,
ಕಡಲಿನೊಳಗೆ ಅರ್ಧಚಂದ್ರ ಬಲೆ,
ಒಂದೇ ತಾಳಕ್ಕೆ ಗುಂಡಿ ಒತ್ತಿ ಎಳೆಯಬೇಕು.
ಎಳೆಯುತ್ತಾರೆ. ಪಾಪ, ಚೆನ್ನಾಗಿಯೇ ಎಳೆಯುತ್ತಾರೆ.
ಪ್ರಾಣದ ಪಟ್ಟಿ ಕಾಲು ಭಾಗಕ್ಕೆ ಇಳಿದಾಗ
ಅದು ಮುಳುಗುತ್ತದೆ,
ನಲವತ್ತೂ ಜನ ಹಗ್ಗದ ಹಿಂದೆ
ಪೋಣಿಸಿದ ತಾರ್ಲೆಗಳಂತೆ ನೀರಿಗೆ.

ಇರ್ಷಾದ್ ಹೊಡೆತ ತಗ್ಗಿಸಿದ, ಹಗ್ಗಕ್ಕೆ ಬಲ ತುಂಬಿದ,
ಕೊನೆಗೆ ಬೇಸತ್ತು ಪ್ರಾಣಿಗೆ ಕೆಮ್ಮು ಕೊಟ್ಟ.
ಕೆಮ್ಮುತ್ತಲೇ ಕೊಂದಿತು.

ನಮ್ಮ ಕೋಣೆ ಬೈತಖೋಲಿನಲ್ಲಿ, ಐಸ್ ಕಾರ್ಖಾನೆಯ ಮಾಳಿಗೆ.
ಬಾಡಿಗೆ ಕಡಿಮೆ, ವಾಸನೆ ಪುಕ್ಕಟೆ.
ಕೆಳಗೆ ಗಡ್ಡೆ ಪುಡಿಮಾಡುವ ಯಂತ್ರದ ಸದ್ದನ್ನು
ಫ್ಲೋರಿನ್ ಕದ್ದು, ನಿಧಾನಿಸಿ,
ಪ್ರಾಣಿಯ ಹಲ್ಲಿಗೆ ಕೊಟ್ಟಿದ್ದಾಳೆ.

ಐಸಿಗೆ ಬಂದ ವಾಮನ ತಾಂಡೇಲ
ಮೊಬೈಲ್ ಚಾರ್ಜಿಗಿಡಲು ಮೇಲೆ ಹತ್ತಿದವನು
ನಿಂತು ನೋಡಿದ, ಕೂತು ನೋಡಿದ,
ಕಂಟ್ರೋಲರಿಗೆ ಕೈ ಚಾಚಿದ.
ಎಡಗೈಯಲ್ಲಿ ಅವನಿಗೆ ಮೂರೇ ಬೆರಳು.

"ಎಳೂದು ಇದು. ಬಿಡೂದು ಯಾವ್ದು ತಂಗಿ?"
"ಬಿಡೂದಿಲ್ಲ," ಅಂದೆ.
ಗುಂಡಿಯೇ ಇಲ್ಲ ಎಂಬ ಅರ್ಥದಲ್ಲಿ ಅಂದದ್ದು.
ಅವನು ನಕ್ಕ, ನಗು ಮುಗಿಸಲಿಲ್ಲ.
"ಹಾಂಗೆ ಹೇಳ್ದವ್ರು ನಮ್ಮಲ್ಲೂ ಇದ್ರು."

ಹಗ್ಗ ಒಮ್ಮೆ ಹಗುರಾಗ್ತದಂತೆ,
ಗೆದ್ದೆ ಅನಿಸ್ತದಂತೆ; ಆ ಹೊತ್ತಿಗೇ ಬಿಡಬೇಕು.
ಬಲೆ ಎಲ್ಲಿಗೆ ಹೋಗ್ತದೆ, ತೇಲ್ತದೆ, ಮತ್ತೆ ಹಿಡಿದರಾಯ್ತು.
ಪಾಲು ಹೇಗೆ ಎಂದು ಕೇಳಿದ.
ಕೊನೆಯ ಏಟು ಹಾಕಿದವನಿಗೆ ಚಿನ್ನದ ಕತ್ತಿ ಅಂದೆ.
ಹಗ್ಗ ಮುಟ್ಟಿದ ಪೋರನಿಗೂ ನಾಲ್ಕು ಬಂಗಡೆ ಕೊಡ್ತಿದ್ರು,
ಎಂದಷ್ಟೇ ಹೇಳಿ
ಹತ್ತು ಶೇಕಡಾ ತುಂಬಿದ ಮೊಬೈಲ್ ಕಿತ್ತುಕೊಂಡು ಇಳಿದ.

ಬಿಡುವ ಗುಂಡಿಯನ್ನು ಮೊದಲು
ಎಡಗೈ ತೋರುಬೆರಳಿಗೆ ಇಟ್ಟೆ.
ಆಮೇಲೆ ನೆನಪಾಗಿ ಹೆಬ್ಬೆರಳಿಗೆ ತಂದೆ.
ಯಾರಿಗೂ ತಿಳಿಸುವುದು ಬೇಡ ಎಂದೆ ನಾನು;
ದೋಷ ಎಂದುಕೊಳ್ಳುತ್ತಾರೆ ಎಂದ ಇರ್ಷಾದ್.

ರಾತ್ರಿ ಒಂದೂವರೆಗೆ ಪರೀಕ್ಷೆ.
ಹಗ್ಗ ಹಗುರಾಯಿತು. ಎಲ್ಲರೂ ಗೆದ್ದೆವೆಂದು
ಇನ್ನೂ ಜೋರಾಗಿ ಎಳೆದರು.
ಮೂವತ್ತೊಂಬತ್ತು ಮಂದಿ ನೀರಿಗೆ.
ಒಬ್ಬನು ಬಿಟ್ಟಿದ್ದ.
ಸೀನು ಬಂತೋ, ಊಟಕ್ಕೆ ಕರೆದರೋ,
ಕೈತಪ್ಪಿ ಒತ್ತಿದನೋ, ದೇವರೇ ಬಲ್ಲ.
ಖಾಲಿ ಮರಳಿನ ಮೇಲೆ ನಿಂತಿದ್ದ.

ಪ್ರಾಣಿ ಮೇಲೆ ಬಂತು.
ಹಿಡಿದವರು ಯಾರೂ ಇಲ್ಲದಾಗ
ಅದೇನು ಮಾಡಬೇಕೆಂದು ನಾವು ಬರೆದಿರಲಿಲ್ಲ.
ಹಾಗಾಗಿ ಉಸಿರಾಡಿತು. ಕಣ್ಣು ಮಿಟುಕಿಸಿತು.
ಅವನೂ ಹೊಡೆಯಲಿಲ್ಲ.
ನಾಲ್ಕು ನಿಮಿಷ ಇಬ್ಬರೂ ಹಾಗೇ ಇದ್ದರು,
ಸರ್ವರ್ ಸುಸ್ತಾಗಿ ಬಾಗಿಲು ಹಾಕುವ ತನಕ.
ಫ್ಲೋರಿನ್ ಹೆಡ್‌ಫೋನ್ ತೆಗೆದು
ಇದನ್ನು ಅಳಿಸಬೇಡಿ ಎಂದಳು.

ಈಗ ಪಾಲಿನ ಕೋಷ್ಟಕ.
ಹಗ್ಗ ಮುಟ್ಟಿದವರಿಗೆಲ್ಲ ಎಂದು ಬರೆದೆ.
"ಬಿಟ್ಟವನಿಗೆ?" ಎಂದ ಇರ್ಷಾದ್.

ನಾಲ್ಕು ಗಂಟೆ. ಕೆಳಗೆ ವಾಮನ
ಬೋಟಿಗೆ ಐಸು ತುಂಬಿಸುತ್ತಿದ್ದ.
ಕಿಟಕಿಯಿಂದ ಕೂಗಿ ಕೇಳಿದೆ.
ನಮ್ಮ ಪ್ರಾಣಿಯ ಹಲ್ಲು ಕರಕರ ಅರೆಯುತ್ತಿತ್ತು,
ಕೇಳಿಸಿತೋ ಇಲ್ಲವೋ.
ತಲೆಯೆತ್ತಿ ಎಡಗೈ ಮೇಲೆ ಮಾಡಿದ.
ಮೂರು ಬೆರಳು.
ಮೂರು ಪಾಲು ಎಂದೋ,
ಹೋಗಿ ಬರ್ತೆ ಎಂದೋ.