ಮೂರನೇ ಪ್ರತಿ

ಮೈಸೂರು ಕೋರ್ಟಿನ ಎದುರು, ಹೊಂಗೆ ಮರದಡಿ
ಇಪ್ಪತ್ತಾರು ವರ್ಷದಿಂದ ಟೈಪು ಮಾಡುತ್ತಿದ್ದೇನೆ.
ಖಾತೆ ಬದಲಾವಣೆ, ಜಾಮೀನು, ಕಳೆದುಹೋದ ಮಾರ್ಕ್ಸ್ ಕಾರ್ಡು,
ಗಂಡ ಬೇಕು, ಗಂಡ ಬೇಡ,
ಎಲ್ಲಕ್ಕೂ ಮೊದಲ ಸಾಲು ಮಾನ್ಯರೇ,
ಕೊನೆಯದು ತಮ್ಮ ವಿಧೇಯ.
ನಡುವೆ ಏನು ಬೇಕಾದರೂ ಹಿಡಿಸುತ್ತದೆ
ಎಂದುಕೊಂಡಿದ್ದೆ.

ಸೋಮವಾರ ಕ್ಯಾತಮಾರನಹಳ್ಳಿಯ ಸುಗುಣ ಬಂದಳು,
ಜೊತೆಗೆ ಹೂವಿನ ಬುಟ್ಟಿಯ ತಾಯಿ, ಪುಟ್ಟಗೌರಮ್ಮ,
ಹಿಂದೆ ಎರಡು ಮಕ್ಕಳು, ಅವರ ಹಿಂದೆ
ತಲೆ ತಗ್ಗಿಸಿಕೊಂಡು ಆರಡಿ ಮೂರಂಗುಲದ ಇದ್ರೀಸ್.
ಆದರೂ ಕೆಳಕೊಂಬೆ ಹಣೆಗೆ ತಾಗಿತು.
"ಬರ್ಕೊಡಿ ಸಾ" ಅಂದ.
ಥೇಟ್ ನಮ್ಮ ಮಾರ್ಕೆಟ್ಟಿನ ಕನ್ನಡ,
ಅತ್ತೆಯಿಂದ ಕಲಿತದ್ದು, ಬೈಗುಳ ಸಮೇತ.

ಫಾರ್ಮಸಿ ಓದಲು ಬಂದವನು.
ಅತ್ತ ಒಮ್ದುರ್ಮಾನಿನಲ್ಲಿ
ಫೀಸು ಕಳಿಸುತ್ತಿದ್ದ ಅಣ್ಣನ ಅಂಗಡಿ ಸುಟ್ಟುಹೋಯಿತು,
ಅಣ್ಣನೂ.
ಫೀಸಿಲ್ಲದೆ ಕಾಲೇಜಿಲ್ಲ, ಕಾಲೇಜಿಲ್ಲದೆ ವೀಸಾ ಇಲ್ಲ,
ವೀಸಾ ಇಲ್ಲದವನಿಗೆ ಯಾರೂ ಕೆಲಸ ಕೊಡುವಂತಿಲ್ಲ.
ಮನೆಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾನೆ.
ನೆನೆದ ಬಾಳೆನಾರು, ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು,
ನಡುವೆ ಗಂಟು.
"ಇವನ ಒಂದ್ ಮಾರು ಅಂದ್ರೆ ನಮ್ಮ ಒಂದೂಕಾಲು ಕಣಪ್ಪ,
ಲಾಸು ನಂಗೆ" ಎಂದಳು ಪುಟ್ಟಗೌರಮ್ಮ,
ಅಳಿಯನ ತೋಳು ನೋಡುತ್ತ,
ಹೆಮ್ಮೆಯಿಂದಲೇ.

ಪ್ಲಾಸ್ಟಿಕ್ ಚೀಲ ಬಿಚ್ಚಿ ಕಾಗದ ಹರವಿದರು.
ನೂರಾ, ಆರು ವರ್ಷ, ಚೆಲುವಾಂಬ ಆಸ್ಪತ್ರೆಯಲ್ಲಿ ಜನನ.
ಅಂದು ಅಪ್ಪನ ವೀಸಾ ಇನ್ನೂ ಐದು ತಿಂಗಳಿತ್ತು,
ಆದ್ದರಿಂದ ಈ ದೇಶದವಳು.
ತಮ್ಮ, ಅಪ್ಪನ ಬಾಯಲ್ಲಿ ಹಾಮಿದ್, ಅಜ್ಜಿ ಬಾಯಲ್ಲಿ ಮಾದೇಸ.
ಅದೇ ಆಸ್ಪತ್ರೆ, ಅದೇ ವಾರ್ಡು,
ಅದೇ ಆಯಮ್ಮ, ಗಂಡುಮಗು ಅಂತ ನೂರು ರೂಪಾಯಿ ಹೆಚ್ಚಿಗೆ ಇಸಕೊಂಡಿದ್ದಳು.
ವೀಸಾ ತೀರಿತ್ತು.
ಆದ್ದರಿಂದ ಈ ದೇಶದವನಲ್ಲ.
ಯಾವ ದೇಶದವನು, ಕಾಗದ ಹೇಳುವುದಿಲ್ಲ.

ನೋಟೀಸು ಅರ್ಧ ಪುಟ.
ಹತ್ತು ದಿನದೊಳಗೆ ತಂದೆ ಮತ್ತು ಗಂಡುಮಗು ದೇಶ ಬಿಡತಕ್ಕದ್ದು.
ಪತ್ನಿ ಮತ್ತು ಹೆಣ್ಣುಮಗುವಿಗೆ
ಅನ್ವಯಿಸುವುದಿಲ್ಲ.

ಮೂರು ಹಾಳೆ, ನಡುವೆ ಎರಡು ಕಾರ್ಬನ್ ಸೇರಿಸಿ ಏರಿಸಿದೆ.
ನೂರಾ ಮೆಷಿನ್ನಿನ ಪಕ್ಕಕ್ಕೇ ಬಂದು ನಿಂತಳು.
"ಒಂದ್ಸಲ ಒತ್ತಿದ್ರೆ ಮೂರ್ರಲ್ಲೂ ಬೀಳ್ತದಾ ತಾತ?"
ಹೂಂ.
"ಮೂರೂ ಒಂದೇನಾ?"
ಒಂದೇ. ಕೆಳಗಿಂದು ಚೂರು ಮಸುಕು, ಅಷ್ಟೇ
ಅಂದುಬಿಟ್ಟೆ.
ಆಮೇಲೆ ಸ್ವಲ್ಪ ಹೊತ್ತು ಬೆರಳು ಏಳಲಿಲ್ಲ.

ಕಾರಣಗಳು ಎಂಬ ಕಡೆ
ನನಗೆ ಗೊತ್ತಿದ್ದ ಕಾನೂನೆಲ್ಲ ಹೊಡೆದೆ.
ಸುಗುಣ ತಡೆದಳು.
"ರಾತ್ರಿ ಅಕ್ಕನ ಕಿವಿ ಹಿಡ್ಕೊಂಡ್ರೇನೇ ಅವನಿಗೆ ನಿದ್ದೆ, ಅದು ಬರೀರಿ."
ಅದಕ್ಕೆಲ್ಲ ಸೆಕ್ಷನ್ ಇಲ್ಲಮ್ಮ.
"ಬರೀರಿ."
ಬರೆದೆ. ಮಾನ್ಯರೇ,
ಸದರಿ ಮಗುವು ಅಕ್ಕನ ಕಿವಿ ಹಿಡಿಯದೆ ನಿದ್ರಿಸುವುದಿಲ್ಲವಾಗಿ,
ಈ ಕುಟುಂಬವನ್ನು ಬೇರ್ಪಡಿಸಬಾರದಾಗಿ
ಪ್ರಾರ್ಥನೆ.

ದುಡ್ಡು ಬೇಡ ಅಂದೆ.
"ಧರ್ಮಕ್ಕೆ ಬರೆದ ಅರ್ಜಿ ಫಲ ಕೊಡಕ್ಕಿಲ್ಲ, ಹಿಡೀರಿ"
ಎಂದು ಪುಟ್ಟಗೌರಮ್ಮ ಎಪ್ಪತ್ತು ರೂಪಾಯಿ
ಮೆಷಿನ್ನಿನ ಮೇಲಿಟ್ಟಳು, ಒದ್ದೆ ನೋಟು, ಮಲ್ಲಿಗೆ ವಾಸನೆ.
ಐದೂ ಜನ ನಜರಬಾದಿನ ಕಮಿಷನರ್ ಆಫೀಸಿಗೆ ನಡೆದೇ ಹೊರಟರು.
ರಸ್ತೆ ದಾಟುವಾಗ ಇದ್ರೀಸ್ ಎರಡೂ ಕೈ ಚಾಚಿ
ಆಟೋಗಳನ್ನು ನಿಲ್ಲಿಸಿದ.
ಆ ಒಂದೂಕಾಲು ಮಾರಿನೊಳಗೆ ಎಲ್ಲರೂ ದಾಟಿದರು.

ಸಂಜೆ ಟಾರ್ಪಾಲು ಮುಚ್ಚುವಾಗ
ನನ್ನ ಬಳಿ ಉಳಿದಿದ್ದ ಮೂರನೇ ಪ್ರತಿ ತೆಗೆದೆ.
ಹುಡುಗನ ಹೆಸರಿದ್ದ ಕಡೆ ಕಾರ್ಬನ್ ಸರಿಯಾಗಿ ಹಿಡಿದಿರಲಿಲ್ಲ.
ಪೆನ್ನು ತೆಗೆದು ಅಕ್ಷರದ ಮೇಲೆ ಅಕ್ಷರ ತಿದ್ದಿದೆ,
ಹಾಮಿದ್ ಉರುಫ್ ಮಾದೇಸ,
ಹಾಳೆಯ ಹಿಂಬದಿಗೆ ಗುರುತು ಮೂಡುವಷ್ಟು ಒತ್ತಿ.
ಇದಕ್ಕೆ ಬೆಲೆಯಿಲ್ಲ, ಗೊತ್ತು.
ಆಫೀಸಿಗೆ ಹೋದದ್ದು ಮೊದಲನೆಯದು.

ಇವತ್ತಿಗೆ ನಾಲ್ಕಾಯಿತು.
ಇನ್ನು ಆರು.